ಮೀಟರ್ ಬೋರ್ಡಿನ ಸೀತಾಳೆ

ಯಡೂರಿನ ಹತ್ತಿರ ತಂತಿಗೆ ತಾಗುವ ಕೊಂಬೆ ಕಡಿದೆ.
ಕೊಂಬೆಯ ಜೊತೆ ಇವಳೂ ಬಿದ್ದಳು,
ಅರ್ಧ ಅರಳಿದ ದಂಡೆ ಹಾಗೇ ಮೈಮೇಲೆ.
ಜೀಪಿನ ತುಂಬ ಪರಿಮಳ. ಯಾರೂ ಮಾತಾಡಲಿಲ್ಲ
ಆಯನೂರು ದಾಟುವ ತನಕ.

ಗೋಪಾಳದ ಕ್ವಾರ್ಟರ್ಸಿನಲ್ಲಿ ಗುತ್ಯಮ್ಮ
ಕುಂಡ ಕೊಟ್ಟಳು, ಕೆಮ್ಮಣ್ಣು, ಸಗಣಿಗೊಬ್ಬರ.
ಬೇರು ಕೊಳೆತವು.
ಮಣ್ಣು ಆಗದ ಜಾತಿ,
ನನ್ನ ಹಾಗೆ ಮೇಲೆ ಹತ್ತಿ ಬದುಕುವವಳು.

ಉಳಿದ ನಾಲ್ಕು ಬೇರು
ಹಳೇ ಮೀಟರ್ ಬೋರ್ಡಿಗೆ ತೆಂಗಿನ ನಾರಲ್ಲಿ ಕಟ್ಟಿ
ಬಚ್ಚಲ ಕಿಟಕಿಗೆ ತೂಗುಹಾಕಿದೆ.
ಬೆಳಿಗ್ಗೆ ನೀರು ಚಿಮುಕಿಸಿದರೆ
ಬೂದಿ ಬೇರು ಹಸಿರಾಗುತ್ತದೆ,
ಮಧ್ಯಾಹ್ನ ಮತ್ತೆ ಬೂದಿ.
ಅಷ್ಟೇ. ಎರಡು ವರ್ಷ ಅಷ್ಟೇ.

"ಕೊಂಬೆ ಕಡಿದವನಿಗೆ ಯಾಕೆ ಹೂ ಬಿಡಬೇಕು?"
ಅಂದಳು ಗುತ್ಯಮ್ಮ, ಅಕ್ಕಿ ಆರಿಸುತ್ತ.

ಮಾಗಿಯಲ್ಲಿ ನೀರು ತಗ್ಗಿಸಿದೆ,
ರಾತ್ರಿ ಕಿಟಕಿ ಹಾಕಲಿಲ್ಲ; ಚಳಿ ಅವಳಿಗೆ ಬೇಕಂತೆ.
ಕ್ಷಮೆ ಕೇಳುವ ಕ್ರಮ ನನಗೆ ಗೊತ್ತಿಲ್ಲ,
ನೀರು ಹಾಕುವುದು ಗೊತ್ತು.

ಮೇ ತಿಂಗಳ ಗಾಳಿಮಳೆ.
ಮೂರು ಕಂಬ ಉರುಳಿ ಬಡಾವಣೆಯಿಡೀ ಕತ್ತಲೆ.
ಬೆಳಗಿನ ಜಾವ ಒದ್ದೆ ಬೂಟು ಕಳಚುವಾಗ
ಮೂಗಿಗೆ
ಜೀಪಿನ ಆ ದಿನ.
ಟಾರ್ಚಿಗೆ ತಡಕಾಡಿದೆ.
"ಬೇಡ" ಅಂದಳು ಗುತ್ಯಮ್ಮ,
ಕಿಟಕಿಯ ಬಳಿಯಿಂದ.