ಡಿಸೆಂಬರ್ ಹದಿನೇಳು, ಅರಸೀಕೆರೆ

ಬೆಳಗ್ಗೆ ಏಳೂಕಾಲು. ಥಂಡಿಗೆ ಬೆರಳು ಬಗ್ಗದು,
ಪೆನ್ಸಿಲ್ಲು ನಡುಗಿ ಗೆರೆಗೊಂದು ಗಂಟು ಹಾಕಿತು.
ಇರಲಿ, ದೇವಕಣಗಿಲೆಗೂ ಅಲ್ಲೊಂದು ಗಂಟಿತ್ತು.

ಎಲೆಯಿಲ್ಲ. ಎಲೆ ಕಳಚಿದ ಜಾಗಗಳಿವೆ,
ಒಂದೊಂದೂ ಎಳೆಗರುವಿನ ಗೊರಸಿನಚ್ಚು.
ಎಣಿಸಿದೆ: ಈ ಕೊಂಬೆಗೆ ನಲವತ್ತೊಂದು.
ಬಣ್ಣ ಬೂದಿಯಲ್ಲ, ಸೀಸವೂ ಅಲ್ಲ;
ರಬ್ಬರಿನಲ್ಲಿ ತಿಕ್ಕಿ ತಿಕ್ಕಿ ತಂದೆ.

ಅಂಚೆ ಕಚೇರಿಯ ಅಂಗಳ ಗುಡಿಸುವ ಸಣ್ಣೀರಮ್ಮ ಇಣುಕಿ,
"ಒಣಗೋಗಿರದನ್ನ ಏನ್ ಬರೀತೀರವ್ವ?" ಅಂದು
ತುದಿ ಚಿವುಟಿದಳು.
ಹಾಲು.
ತೊಟ್ಟು ತೊಟ್ಟಾಗಿ ಹಾಳೆಯ ಮೇಲೆ.

ಅವಳೂ ಸುಮ್ಮನಾದಳು. ಸೆರಗಲ್ಲಿ ಒರೆಸಿದಳು.

ಮನೆಯಲ್ಲಿ ಪುಸ್ತಕ ತೆರೆದರೆ ತೆರೆಯದು:
ಇವತ್ತಿನ ಬೋಳುಕೊಂಬೆಗೆ
ಎದುರು ಪುಟದ ಆಷಾಢದ ಹೂ
ಅಂಟಿಕೊಂಡಿದೆ.
ಬ್ಲೇಡು ಹುಡುಕಿದೆ. ಸಿಕ್ಕಿತು.
ಮತ್ತೆ ಡ್ರಾಯರಿಗೇ ಹಾಕಿದೆ.