ಕೈ ಎಲ್ಲೋತು

ಮೂವತ್ತಾರರಲ್ಲಿ ಮೂವತ್ತಮೂರು ಬರೀ ಹೊಗೆ.
ಎರಡರಲ್ಲಿ ನನ್ನದೇ ಹೆಬ್ಬೆರಳು.
ಮುರಿಗೆಪ್ಪ ಮೇಷ್ಟ್ರು ಕೆಂಪು ಪೆನ್ಸಿಲಿನಿಂದ
ಒಂದಕ್ಕೂ ಸುತ್ತು ಹಾಕದೆ ಹಾಳೆ ವಾಪಸು ಕೊಟ್ಟರು.

ಉಳಿದ ಒಂದರಲ್ಲಿ ಖೈರುನ್ನೀಸಮ್ಮ ಇದ್ದಾಳೆ.
ಮೂಗುತಿ ಸ್ಪಷ್ಟ, ಹುಬ್ಬಿನ ಮೇಲಿನ ಬೆವರೂ ಸ್ಪಷ್ಟ,
ಬಲಗೈ ಮಾತ್ರ ಇಲ್ಲ.
ಮೊಣಕೈಯಾಚೆ ಒಂದು ಬಿಳಿ ಗೀರು,
ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.

ನಾಚುತ್ತಲೇ ಒಯ್ದೆ, ಆಜಾದ್ ನಗರದ ಮಂಡಕ್ಕಿ ಭಟ್ಟಿಗೆ.
ಸೆರಗಿಗೆ ಬೆರಳು ಒರೆಸಿಕೊಂಡು
ಚಿತ್ರವನ್ನು ಒಲೆಯ ಉರಿಗೆ ಹಿಡಿದು ನೋಡಿದಳು.
‘ಕೈ ಎಲ್ಲೋತಪ್ಪ?’
‘ಶಟರ್ ನಿಧಾನ ಆಯ್ತು, ಅದಕ್ಕೇ ಅಲುಗಾಡಿ...’
‘ನಿಲ್ಸಿದ್ರೆ ಮಂಡಕ್ಕಿ ಸೀದು ಹೋಗ್ತಿತ್ತಲ್ಲ!’
ಅಂದು, ಸೊಸೆಯನ್ನು ಕೂಗಿ ತೋರಿಸಿ
ಇಬ್ಬರೂ ನಕ್ಕರು. ನನಗೊಂದು ಬಿಸಿ ಪೊಟ್ಟಣ,
ಕಾಸು ಬೇಡ.

ಶಟರ್ ಚುರುಕು ಮಾಡಲೆಂದೇ ಬಂದಿದ್ದೆ.
ಮರಳು ಸಿಡಿಯುವ ಸದ್ದು ಕೇಳುತ್ತ ಕೇಳುತ್ತ
ಇನ್ನೂ ಒಂದು ಅಂಕಿ ನಿಧಾನಕ್ಕೆ ತಿರುಗಿಸಿದೆ.

ಆ ರೀಲಿನಲ್ಲಿ ಮುಖವೂ ಹೋಯಿತು.
ಕಾಳುಗಳೆಲ್ಲ ಎಳೆಎಳೆಯಾಗಿ ಹಾರಿ
ಯಾರೋ ನೂಲು ತೆಗೆಯುತ್ತಿದ್ದಾರೆ ಅನ್ನಿಸುವಂತಿತ್ತು.
ಮೇಷ್ಟ್ರು ಬಹಳ ಹೊತ್ತು ನೋಡಿದರು.
ಸುತ್ತು ಹಾಕಲಿಲ್ಲ.
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು
‘ಯಾವ ಭಟ್ಟಿ ಇದು?’ ಅಂದರು.