ಅರ್ಧ ಹೆಜ್ಜಿ ಹಿಂದ

ಬ್ಯಾರೆ ಯಾರೂ ಕೈ ಎತ್ತಲಿಲ್ಲಂತ
ಕ್ಲಾಸಿಗೆ ನಾನೇ ಲೀಡರು.
ಎದಿ ಕಿಸೆದಾಗ ಕೆಂಪು ಪೆನ್ನು,
ಹಾಜರಿ ಪುಸ್ತಕ ಹೊತ್ತು ತರೋ ಗತ್ತು.

ಕಡೀ ಪಿರಿಯಡ್ ಮುಗಿಯೋದು ನಾಕೂವರಿಗೆ,
ಸೈದಾಪುರದ ಬಸ್ಸು ಬಿಡೋದು ನಾಕೂ ಹತ್ತಕ್ಕ.
ಕನ್ನಡಿ ಮುಂದ ಮೂರು ರಾತ್ರಿ ಉರು ಹೊಡೆದೆ:
‘ಮಾನ್ಯರೇ, ವಿದ್ಯಾರ್ಥಿ ಸಮುದಾಯದ ಪರವಾಗಿ…’

ಯಾದಗಿರಿ ಡಿಪೋದಾಗ ಸಾಹೇಬರು
ಚಷ್ಮಾ ಹಣೀಗೆ ಏರಿಸಿ, ‘ಹೂಂ, ಏನದು?’ ಅಂದರು.
ನಾಲಿಗಿ ಕಾದ ಹಂಚಾತು.
ಗೇಟಿನ ತನಕ ಘೋಷಣೆ ಕೂಗಿದ ಭೀಮಾಶಂಕರ
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ
ಅಮಾಸಿ ಹುಡುಕಲಿಕತ್ತಿದ್ದ.

ಆಗ ಹುಸೇನಬಿ,
ವರ್ಷೆಲ್ಲಾ ‘ಎಸ್ ಸರ್’ ಬಿಟ್ಟು ಬ್ಯಾರೆ ಮಾತಾಡದಾಕಿ,
ಚೀಲದಿಂದ ನೋಟಬುಕ್ ತೆಗೆದಳು.
ನಲವತ್ತೊಂದು ದಿನದ ಲೆಕ್ಕ:
ಬಸ್ಸು ಬಿಟ್ಟ ಹೊತ್ತು, ಉಳಿದವರ ಹೆಸರು,
ಯಾರು ಲಾರಿ ಹತ್ತಿದರು,
ಯಾರು ಕತ್ತಲಾಗ ನಡೆದರು.

ಸಾಹೇಬರು ಬೆರಳು ಹಚ್ಚಿ ಓದಿದರು.
ಬರೇ ಫ್ಯಾನಿನ ಸಪ್ಪಳ.
ಯಾರೂ ಹೇಳಿಕೊಟ್ಟಿರಲಿಲ್ಲ,
ಅರ್ಧ ಹೆಜ್ಜಿ ಹಿಂದ ಸರಿದೆ,
ಆಕಿಗೆ ಕುರ್ಚಿ ಎಳೆದುಕೊಟ್ಟೆ.

ಈಗ ಬಸ್ಸು ನಮಗಾಗಿ ನಿಂದ್ರತದ. ದಿನಾ ಅಲ್ಲ.
ನಿಂದ್ರದ ದಿನ ಬರೀಲಿಕ್ಕೆ
ಕೆಂಪು ಪೆನ್ನು
ಆಕಿ ಬಲ್ಲೇ ಅದ.